ಕ್ವಿಟ್ ಅಂದ್ರೆ ಬಿಡೋದಾ, ತೀರಿಸೋದಾ?

ಸಿಗರೇಟ್ ಪ್ಯಾಕಿನ ಮೇಲಿನ ಅಕ್ಷರಗಳನ್ನು ಸೇದುವವರಿಗಿಂತ ಹೆಚ್ಚು ಗಮನವಿಟ್ಟು ಓದುವವರು ಈ ಕ್ಯಾಂಪಸ್ಸಿನಲ್ಲಿ ಯಾರಾದರೂ ಇದ್ದರೆ ಅದು ನಾವೇ. ನಾವು ಅಂದರೆ ನಾಲ್ಕು ಜನ. ಒಬ್ಬ ಹುಣಸೂರು, ಒಬ್ಬ ಪಿರಿಯಾಪಟ್ಟಣ, ಒಬ್ಬಳು ಕೆ.ಆರ್. ನಗರ, ಇನ್ನೊಬ್ಬ ಎಚ್.ಡಿ. ಕೋಟೆ. ನಾಲ್ವರಲ್ಲಿ ಯಾರೂ ಸೇದಲ್ಲ. ಆದರೆ ನಾವು ಇಲ್ಲಿ ಕೂತು ಓದುತ್ತಿರುವ ಫೀಸು, ಹಾಸ್ಟೆಲ್ ದುಡ್ಡು, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಎಲ್ಲ ಬಂದದ್ದು ಆ ಪ್ಯಾಕಿನೊಳಗೆ ಹೋಗುವ ಸೊಪ್ಪಿನಿಂದ. ಬಸ್ ಸ್ಟಾಪಿನ ಆಚೆ ಇರುವ ಅಂಗಡಿಯಲ್ಲಿ ಟೀ ಕುಡಿಯುವಾಗ ಅಲ್ಲಿ ಸಾಲಾಗಿ ಜೋಡಿಸಿರುವ ಪ್ಯಾಕುಗಳನ್ನು ನೋಡುತ್ತಾ ನಿಲ್ಲುತ್ತೇವೆ. (ಶಾಲಾ ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ ಕಾನೂನಿದೆ. ಆ ಅಂಗಡಿ ಅದರ ಆಚೆಗೇ ಇದೆ. ನಮ್ಮಲ್ಲಿರುವ ಇಬ್ಬರು ಸಿವಿಲ್‌ನವರು ಟೇಪ್ ಹಿಡಿದು ಅಳೆದಿದ್ದಾರೆ.)

2018ರ ಸೆಪ್ಟೆಂಬರಿನಿಂದ ಈ ಪ್ಯಾಕುಗಳ ಮೇಲೆ ಆ ಭಯಂಕರ ಚಿತ್ರದ ಜೊತೆ 'ಕ್ವಿಟ್ ಟುಡೇ' ಅಂತ ಒಂದು ಸಾಲು, ಅದರ ಪಕ್ಕ 1800-11-2356 ಅಂತ ಒಂದು ನಂಬರು ಬರುತ್ತಿದೆ. ನಮ್ಮ ತಲೆ ಕೆಡಿಸಿದ್ದು ಚಿತ್ರವಲ್ಲ, ಆ ಒಂದು ಪದ. ಕ್ವಿಟ್.

ಇದಕ್ಕೆ ಒಂದು ನೆಪವೂ ಇತ್ತು. ಮೇ 31 ವಿಶ್ವ ತಂಬಾಕು ರಹಿತ ದಿನ. ಎನ್ನೆಸ್ಸೆಸ್‌ನವರು ಪೋಸ್ಟರ್ ಮಾಡಿಸುತ್ತಿದ್ದರು, ಕನ್ನಡದ ಪೋಸ್ಟರನ್ನು ಕನ್ನಡ ಸಂಘದ ಪಾಲಿಗೆ ತಳ್ಳಿದರು. ಸಂಘದಲ್ಲಿ ಆ ದಿನ ಸಿಕ್ಕಿದ್ದು ನಾವೇ. ಇಂಗ್ಲಿಷಿನವರು ದೊಡ್ಡಕ್ಷರದಲ್ಲಿ 'ಕ್ವಿಟ್' ಅಂತ ಬರೆದು ಕೈ ತೊಳೆದುಕೊಂಡರು. ನಮಗೆ ಒಂದು ಪದ ಸಿಗದೆ ಒದ್ದಾಟ. 'ತ್ಯಜಿಸಿ' ಅಂದರೆ ಯಾವುದೋ ಮಠದ ಪ್ರವಚನದ ಥರ ಕೇಳಿಸುತ್ತೆ. 'ನಿಲ್ಲಿಸಿ' ಅಂದರೆ ಟ್ರಾಫಿಕ್ ಪೊಲೀಸು. 'ಬಿಡಿ' ಸರಿ, ನಮ್ಮ ಬಾಯಲ್ಲಿ ದಿನಾ ಇರುವ ಪದ. ಆದರೆ 'ತಂಬಾಕು ಬಿಡಿ' ಅಂತ ಬರೆದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ 'ತಂಬಾಕು ಬೀಡಿ' ಅಂತ ಕಾಣುತ್ತಿತ್ತು. ಒಂದು ದೀರ್ಘ ಎಕ್ಸ್‌ಟ್ರಾ ಬಿದ್ದರೆ ಪೋಸ್ಟರು ಅಂಗಡಿ ಬೋರ್ಡಾಗುತ್ತೆ.

ಅದೇ ಸಂಜೆ ಪಿರಿಯಾಪಟ್ಟಣದವನಿಗೆ ಮನೆಯಿಂದ ಫೋನ್ ಬಂತು. ಮೇ ಕೊನೆ ಅಂದರೆ ನಮ್ಮ ಕಡೆ ತಂಬಾಕು ಸಸಿ ನಾಟಿ ಮಾಡುವ ಕಾಲ. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಕೆಂಪು ಮಣ್ಣು ಹದವಾಗಿರುತ್ತೆ, ಆಳುಗಳಿಗೆ ಪೈಪೋಟಿ ಇರುತ್ತೆ. ಜಗತ್ತು ತಂಬಾಕು ಬಿಡೋಣ ಅನ್ನುವ ದಿನವೇ ನಮ್ಮ ಅಪ್ಪಂದಿರು ಅದನ್ನು ನೆಡುತ್ತಿರುತ್ತಾರೆ. ಏನು ಮಾಡ್ತಿದ್ದೀಯ ಅಂತ ಅಪ್ಪ ಕೇಳಿದ್ದಕ್ಕೆ ಇವನು ಪೋಸ್ಟರಿನ ವಿಷಯ ಹೇಳಿದ. ಸ್ಪೀಕರ್ ಆನ್ ಇತ್ತು, ನಾವೆಲ್ಲ ಕೇಳಿಸಿಕೊಂಡೆವು.

"ಬುಡು ಅಂದ್ರೆ ಬುಡಕ್ಕಾಯ್ತದಾ ಮಗ? ಸಾಲ ನಮ್ಮನ್ನ ಬುಡ್ಬೇಕಲ್ಲ ಮೊದ್ಲು."

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಊಟ ಆಯ್ತಾ ಅಂತ ಕೇಳಿದಷ್ಟೇ ಸಲೀಸಾಗಿ ಹೇಳಿ ಫೋನ್ ಇಟ್ಟರು. ಮಾರನೇ ದಿನ ನಾವು ಲೈಬ್ರರಿಯಲ್ಲಿ ನಿಘಂಟು ತೆಗೆದಾಗ ಗೊತ್ತಾಯಿತು, ಎಸ್ಸೆಲ್ಸಿಗೆ ಓದು ಬಿಟ್ಟ ಆ ಮನುಷ್ಯ ಇಂಗ್ಲಿಷ್ ಪದದ ಮೂಲವನ್ನೇ ಹೇಳಿಬಿಟ್ಟಿದ್ದಾರೆ ಅಂತ.

ಕ್ವಿಟ್ ಅನ್ನುವುದಕ್ಕೆ ಮೊದಲು 'ನಿಲ್ಲಿಸು' ಅನ್ನುವ ಅರ್ಥವೇ ಇರಲಿಲ್ಲ. ಲ್ಯಾಟಿನ್‌ನಲ್ಲಿ ಕ್ವಿಯೇಟುಸ್ ಅಂತ ಒಂದು ಪದ, ಅಂದರೆ ನೆಮ್ಮದಿಯಾಗಿರುವವನು, ಯಾವ ಕಾಟವೂ ಇಲ್ಲದವನು. ಇಂಗ್ಲಿಷಿನ ಕ್ವಯಟ್ ಕೂಡ ಅದರಿಂದಲೇ ಬಂದದ್ದು. ಮಧ್ಯಯುಗದಲ್ಲಿ ಈ ನೆಮ್ಮದಿ ಲೆಕ್ಕದ ಪುಸ್ತಕಕ್ಕೆ ಬಂತು. ಸಾಲ, ಕಂದಾಯ, ಸೇವೆಯ ಕರಾರು ಎಲ್ಲ ಮುಗಿದವನು ನೆಮ್ಮದಿಯಾದವನು, ಅಂದರೆ ಬಾಕಿ ಇಲ್ಲದವನು. ಹಳೆಯ ಫ್ರೆಂಚ್ ಇದನ್ನು ಕಿರಿದು ಮಾಡಿಕೊಂಡು ಇಂಗ್ಲಿಷಿಗೆ ಕೊಟ್ಟಿತು. 1200ರ ಆಸುಪಾಸು ಇಂಗ್ಲಿಷಿಗೆ ಬಂದಾಗ ಕ್ವಿಟ್ ಅಂದರೆ ಸಾಲದಿಂದ ಬಿಡುಗಡೆಯಾದವನು, ಕ್ರಿಯಾಪದವಾದರೆ ಸಾಲ ತೀರಿಸು. ಆಮೇಲೆ 'ಬಿಟ್ಟು ಹೋಗು' ಅನ್ನುವ ಅರ್ಥ ಬೆಳೆಯಿತು. 1942ರ ಕ್ವಿಟ್ ಇಂಡಿಯಾದಲ್ಲಿರುವುದು ಈ ಅರ್ಥ. ಬ್ರಿಟಿಷರಿಗೆ ನಿಲ್ಲಿಸಿ ಅಂದದ್ದಲ್ಲ, ತೊಲಗಿ ಅಂದದ್ದು. ಮಾಡುತ್ತಿರುವುದನ್ನು ನಿಲ್ಲಿಸುವುದು ಅನ್ನುವ ಅರ್ಥ ಬಳಕೆಗೆ ಬಂದದ್ದು 17ನೇ ಶತಮಾನದ ಹೊತ್ತಿಗೆ. ಅಂದರೆ ಸಿಗರೇಟ್ ಪ್ಯಾಕಿನ ಮೇಲೆ ಕೂತಿರುವುದು ಈ ಪದದ ಕೊನೇ ಮಗ.

ಇಂಗ್ಲೆಂಡಿನ ರಾಜನ ಖಜಾನೆಯಲ್ಲಿ ಒಬ್ಬ ಅಧಿಕಾರಿಯ ಲೆಕ್ಕ ಚುಕ್ತಾ ಆದಾಗ 'ಕ್ವಿಯೇಟುಸ್ ಎಸ್ಟ್' ಅಂತ ಲ್ಯಾಟಿನ್‌ನಲ್ಲಿ ಷರಾ ಬರೆಯುತ್ತಿದ್ದರಂತೆ. ನಮಗೆ ಇದನ್ನು ಓದಿದ ಕೂಡಲೇ ನಗು ಬಂತು. ನಾವೆಲ್ಲ ಪ್ರತಿ ಸೆಮಿಸ್ಟರ್ ಕೊನೆಗೆ ಹಾಲ್ ಟಿಕೆಟಿಗೋಸ್ಕರ ನೋ ಡ್ಯೂ ಫಾರಂ ಹಿಡಿದು ಲೈಬ್ರರಿ, ವರ್ಕ್‌ಶಾಪು, ಕೆಮಿಸ್ಟ್ರಿ ಲ್ಯಾಬು, ಹಾಸ್ಟೆಲ್ ಆಫೀಸು ಅಂತ ಸಹಿಗೆ ಅಲೆಯುತ್ತೇವಲ್ಲ, ಅದೇ ಇದು. ಒಡೆದ ಬ್ಯೂರೆಟ್ಟಿನ ದುಡ್ಡು ಕಟ್ಟಿ ಸಹಿ ಹಾಕಿಸಿಕೊಂಡು ಹೊರಗೆ ಬಂದಾಗ ಆಗುವ ಆ ಹಗುರ ಇದೆಯಲ್ಲ, ಮೂಲದ ಕ್ವಿಟ್ ಅಂದರೆ ಅಷ್ಟೇ.

ಆ ಖಜಾನೆ ಷರಾದ 'ಕ್ವಿಯೇಟುಸ್' ಕ್ರಮೇಣ ಸಾವಿಗೂ ಬಳಕೆಯಾಯಿತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಅದು ಬರುವುದು ಈ ಅರ್ಥದಲ್ಲೇ. ಲೆಕ್ಕ ಮುಗಿಯಿತು, ಜೀವವೂ ಮುಗಿಯಿತು. ನಮಗೇನೂ ಇದು ಹೊಸದಲ್ಲ. ಸಾಲ ತೀರಿತು ಅನ್ನುತ್ತೇವೆ, ಅಜ್ಜ ತೀರಿಕೊಂಡರು ಅಂತಲೂ ಅನ್ನುತ್ತೇವೆ. ಒಂದೇ ತೀರು. ಇಂಗ್ಲಿಷಿನವರನ್ನು ಕೇಳಿ ನಾವು ಮಾಡಿದ್ದಲ್ಲ, ನಮ್ಮನ್ನು ಕೇಳಿ ಅವರೂ ಮಾಡಿದ್ದಲ್ಲ. ಸಾಲ ಇದ್ದ ಕಡೆಯೆಲ್ಲ ಜನಕ್ಕೆ ಹಾಗೆಯೇ ಹೊಳೆದಿದೆ ಅಂತ ಕಾಣುತ್ತೆ.

ಇದರ ನೆಂಟರಿಷ್ಟರೂ ಬಹಳ. ಪೂರಾ ಅನ್ನುವ ಅರ್ಥದ 'ಕ್ವೈಟ್', ಖುಲಾಸೆ ಮಾಡುವ 'ಅಕ್ವಿಟ್', ಕೊನೆಗೆ 'ಕ್ವಿಟ್ ರೆಂಟ್'. ಈ ಕೊನೆಯದನ್ನು ಮೈಸೂರು ಸೀಮೆಯ ಹಳೇ ಕಂದಾಯ ದಾಖಲೆ ನೋಡಿದವರು ಬಲ್ಲರು. ಇನಾಂ ಊರುಗಳು ಪೂರ್ತಿ ಕಂದಾಯದ ಬದಲು ಒಂದಿಷ್ಟು ಹಗುರ ಕಂದಾಯ ಕಟ್ಟಿ ಬಚಾವಾಗುತ್ತಿದ್ದವು. ನಮ್ಮವರು ಅದನ್ನು ಜೋಡಿ ಅಂದರು, ಇಂಗ್ಲಿಷ್ ಅಧಿಕಾರಿಗಳು ಕ್ವಿಟ್ ರೆಂಟ್ ಅಂತ ಬರೆದುಕೊಂಡರು. ಇನ್ನೂ ದೂರದ ನೆಂಟ ಒಬ್ಬನಿದ್ದಾನೆ, ಅವನನ್ನು ಕಂಡು ನಮಗೇ ಆಶ್ಚರ್ಯ. ಪರ್ಷಿಯನ್ನಿನ 'ಶಾದ್' ಅಂದರೆ ಸಂತೋಷ. ಅದೂ ಲ್ಯಾಟಿನ್ನಿನ ಈ ಪದವೂ ಒಂದೇ ಪುರಾತನ ಬೇರಿನಿಂದ ಬಂದವು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಶಾದ್ ಬಾಶ್, ಸಂತೋಷವಾಗಿರು ಅನ್ನುವುದೇ ಸವೆದು ಸವೆದು ನಮ್ಮ ಶಹಬ್ಬಾಸ್ ಆದದ್ದು. ಹಾಗಾಗಿ ಮುಂದಿನ ಸಲ ವೈವಾದಲ್ಲಿ ಸಾರ್ ಶಹಬ್ಬಾಸ್ ಅಂದರೆ ನಿಮ್ಮ ಬಾಕಿ ಚುಕ್ತಾ ಆಯಿತು ಅಂತಲೇ ತಿಳಿಯಿರಿ.

ಕಂಪ್ಯೂಟರ್ ಸೈನ್ಸಿನ ನಮ್ಮ ಗೆಳತಿ ಇಲ್ಲಿ ಒಂದು ಮಾತು ಸೇರಿಸಲೇಬೇಕು ಅಂತ ಹಟ ಹಿಡಿದಳು. ಲಿನಕ್ಸ್ ಟರ್ಮಿನಲ್ಲಿನಲ್ಲಿ ಓಡುತ್ತಿರುವ ಪ್ರೋಗ್ರಾಂಗೆ ಕಂಟ್ರೋಲ್ ಸಿ ಒತ್ತಿದರೆ ಹೋಗುವುದು ಇಂಟರಪ್ಟ್ ಸಿಗ್ನಲ್. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಹೋಗುವುದು ಸಿಗ್‌ಕ್ವಿಟ್. ಸಿಸ್ಟಂನಲ್ಲಿ ಅವಕಾಶ ಕೊಟ್ಟಿದ್ದರೆ, ಸಿಗ್‌ಕ್ವಿಟ್ ಬಂದಾಗ ಪ್ರೋಗ್ರಾಂ ಸುಮ್ಮನೆ ಸಾಯುವುದಿಲ್ಲ, ಮೆಮೊರಿಯಲ್ಲಿ ಏನೇನಿತ್ತೋ ಎಲ್ಲವನ್ನೂ ಕೋರ್ ಡಂಪ್ ಆಗಿ ಕಕ್ಕಿ ಸಾಯುತ್ತೆ. ಲೆಕ್ಕ ಒಪ್ಪಿಸಿ ಹೋಗೋದು ಅಂದ್ರೆ ಇದೇ ಕಣ್ರೋ ಅಂದಳು. ವಿಮ್‌ನಿಂದ ಆಚೆ ಬರೋದು ಹೇಗೆ ಅಂತ ಮೊದಲು ಹೇಳಿಕೊಡು ಅಂತ ಮೆಕ್ಯಾನಿಕಲ್‌ನವನು ಅಂದ. ಮಾತು ಅಲ್ಲಿಗೆ ನಿಂತಿತು.

ಈಗ ಸಾಲದ ವಿಷಯ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು, ಸಿಗರೇಟಿಗೆ ಹೋಗುವಂಥದ್ದು. ಊರಲ್ಲಿ ಯಾರೂ ವರ್ಜೀನಿಯಾ ಅನ್ನಲ್ಲ, ಹೊಗೆಸೊಪ್ಪು ಅನ್ನುತ್ತಾರೆ. ಹೆಸರು ಹೊಗೆಸೊಪ್ಪಾದರೂ ಹದ ಮಾಡುವಾಗ ಅದಕ್ಕೆ ಹೊಗೆ ತಾಗಲೇಬಾರದು. ಬ್ಯಾರನ್ನಿನ ಹೊರಗೆ ಒಲೆ, ಒಳಗೆ ನೆಲದ ಮೇಲೆ ತಗಡಿನ ಕೊಳವೆ. ಬೆಂಕಿಯ ಹೊಗೆ ಕೊಳವೆಯೊಳಗೇ ಸುತ್ತಿ ಆಚೆ ಹೋಗುತ್ತೆ, ಶಾಖ ಮಾತ್ರ ಮೇಲೆ ಕಡ್ಡಿಗೆ ಕಟ್ಟಿ ನೇತುಹಾಕಿದ ಎಲೆಗೆ. ಮೊದಲು 35ರಿಂದ 40 ಡಿಗ್ರಿಯಲ್ಲಿ ಎಲೆ ಹಳದಿಯಾಗಬೇಕು, ಆಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತೆ. ಆಮೇಲೆ ನಿಧಾನಕ್ಕೆ ಏರಿಸುತ್ತಾ ಹೋಗಿ ನಡುದಂಟು ಒಣಗುವ ಹೊತ್ತಿಗೆ 70 ಡಿಗ್ರಿ ಹತ್ತಿರ. ಐದಾರು ದಿನ ಹಗಲೂ ರಾತ್ರಿ ಒಲೆಬಾಯಿ ಮುಂದೆ ಒಬ್ಬರು ಇರಲೇಬೇಕು. ಶಾಖ ಎರಡು ಮೆಟ್ಟಿಲು ಹಾರಿದರೆ ಬಣ್ಣ ಕೆಟ್ಟಿತು, ಒಂದು ಒಣಗಿದ ಎಲೆ ಕಳಚಿ ಕಾದ ಕೊಳವೆ ಮೇಲೆ ಬಿದ್ದರೆ ಬ್ಯಾರನ್ನೇ ಹೋಯಿತು. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ನಮ್ಮ ಮೆಕ್ಯಾನಿಕಲ್‌ನವನು ಕ್ಲಾಸಿಗೆ ಫಸ್ಟ್ ಬಂದದ್ದರಲ್ಲಿ ಏನೂ ವಿಶೇಷವಿಲ್ಲ. ಏಳನೇ ಕ್ಲಾಸಿನಿಂದ ಅವನು ಆ ಥರ್ಮಾಮೀಟರ್ ಕಾದವನು.

ಈ ಕೆಲಸ ಪೂರ್ತಿ ಸಾಲದ ಮೇಲೆ ನಿಂತಿದೆ. ಗೊಬ್ಬರ ಸಾಲ, ಸೌದೆ ಸಾಲ, ಕೂಲಿಗೆ ಕೈಸಾಲ, ಬ್ಯಾರನ್ ರಿಪೇರಿಗೆ ಇನ್ನೊಂದು. ಒಂದು ಕೆಜಿ ಸೊಪ್ಪು ಹದವಾಗಲು ನಾಲ್ಕೈದು ಕೆಜಿ ಸೌದೆ ಬೇಕು, ಲೆಕ್ಕ ನೀವೇ ಹಾಕಿಕೊಳ್ಳಿ. 1975ರ ಕಾಯ್ದೆಯಡಿ ಬಂದ ತಂಬಾಕು ಮಂಡಳಿ ಲೈಸೆನ್ಸ್ ಕೊಡುತ್ತೆ, ಇಷ್ಟೇ ಬೆಳೆಯಿರಿ ಅಂತ ಮಿತಿ ಹಾಕುತ್ತೆ, ಬ್ಯಾಂಕಿನಿಂದ ಬೆಳೆ ಸಾಲಕ್ಕೆ ದಾರಿ ಮಾಡುತ್ತೆ. ಸೊಪ್ಪು ಹರಾಜಾದಾಗ ಸಾಲದ ಕಂತು ಅಲ್ಲೇ ಮುರಿದುಕೊಂಡು ಉಳಿದದ್ದು ನಮ್ಮ ಖಾತೆಗೆ. ಇದರಲ್ಲಿ ಒಳ್ಳೆಯದೂ ಇದೆ. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಗುವ ಮೊದಲು ವ್ಯಾಪಾರಿ ಹೇಳಿದ್ದೇ ರೇಟು, ಅವನು ಕೊಟ್ಟಾಗಲೇ ದುಡ್ಡು. ಇವತ್ತು ನಮ್ಮ ಸೀಮೆಯಲ್ಲಿ ಇಂಥ ದಿನ ಇಂಥ ಕಡೆ ಕೊಳ್ಳುವವರು ಬಂದು ನಿಂತಿರುತ್ತಾರೆ ಅನ್ನುವ ಖಾತರಿ ಇರುವ ಒಣಭೂಮಿ ಬೆಳೆ ಇದೊಂದೇ. ಕೆಟ್ಟದ್ದೂ ಅದೇ. ಕಟ್ಟೆಮಳಲವಾಡಿಯಲ್ಲೋ ಪಿರಿಯಾಪಟ್ಟಣದಲ್ಲೋ ಬೇಲುಗಳ ಸಾಲಿನ ಮಧ್ಯೆ ನಿಂತಾಗ 'ನೋ ಬಿಡ್' ಅಂತ ಚೀಟಿ ಬಿದ್ದರೆ ಬೇಲನ್ನು ವಾಪಸ್ ಟೆಂಪೋಗೆ ಹೇರಬೇಕು. ಬಡ್ಡಿ ಮಾತ್ರ ವಾಪಸ್ ಬರುವುದಿಲ್ಲ.

ಹಾಗಂತ ನಾವು ತಂಬಾಕಿನ ವಕಾಲತ್ತು ಮಾಡುತ್ತಿಲ್ಲ. ಅದು ಏನು ಮಾಡುತ್ತೆ ಅಂತ ಸೇದುವವರಿಗಿಂತ ಮೊದಲು ನಮ್ಮ ಮನೆಯವರಿಗೇ ಗೊತ್ತು. ಮಳೆಯಲ್ಲಿ ನೆಂದ ಎಲೆ ಮುರಿಯುವ ದಿನ ಅಮ್ಮಂದಿರಿಗೆ ತಲೆ ಸುತ್ತು, ವಾಂತಿ. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತೆ. ಸಂಜೆ ಅನ್ನ ಕಲೆಸಿದರೆ ತುತ್ತು ಕಹಿ. ಇನ್ನೊಂದು ವಿಚಾರ, ಗಿಡ ಹೂ ಬಿಡುವ ಹೊತ್ತಿಗೆ ತುದಿಯ ಕುಡಿ ಮುರಿದು ಹಾಕುತ್ತೇವೆ. ಹೂವಾಗಲು ಬಿಟ್ಟರೆ ಸತ್ವವೆಲ್ಲ ಬೀಜಕ್ಕೆ ಹೋಗುತ್ತೆ. ಕುಡಿ ಮುರಿದರೆ ಎಲೆ ದಪ್ಪವಾಗುತ್ತೆ, ಬೇರು ಇನ್ನಷ್ಟು ನಿಕೋಟಿನ್ ತಯಾರಿಸಿ ಮೇಲಕ್ಕೆ ಕಳಿಸುತ್ತೆ. ಒಂದನ್ನು ನಿಲ್ಲಿಸಿದರೆ ಇನ್ನೊಂದು ಹೆಚ್ಚುತ್ತೆ.

ದೇಶದಲ್ಲಿ ತಂಬಾಕು ಬಳಸುವ ವಯಸ್ಕರು 2009-10ರಲ್ಲಿ ಶೇ 34.6 ಇದ್ದದ್ದು 2016-17ರ ಸಮೀಕ್ಷೆಯಲ್ಲಿ ಶೇ 28.6ಕ್ಕೆ ಇಳಿದಿದ್ದಾರೆ. ಇಳಿಯಲಿ, ಇನ್ನೂ ಇಳಿಯಲಿ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಅದರ 17ನೇ ವಿಧಿ ಬೆಳೆಗಾರರಿಗೆ, ಕೂಲಿಗಳಿಗೆ ಬದಲಿ ಜೀವನೋಪಾಯಕ್ಕೆ ನೆರವಾಗಿ ಅನ್ನುತ್ತೆ. ಸೇದುವವನು ಬಿಡಲು ಒಂದು ಟೋಲ್ ಫ್ರೀ ನಂಬರು ಬಂದಿದೆ. ಬೆಳೆಯುವವನು ಬಿಡಲು ಫೋನ್ ಮಾಡುವ ನಂಬರು ಯಾವ ಪ್ಯಾಕಿನ ಮೇಲೂ ಇಲ್ಲ.

ಹಾಗೆ ನೋಡಿದರೆ ಮೂಲ ಅರ್ಥದ ಕ್ವಿಟ್ ಅನ್ನು ಕಾನೂನೇ ಮಾಡಿದ ಮನುಷ್ಯ ನಮ್ಮ ಸೀಮೆಯವರೇ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1976ರಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ದುರ್ಬಲ ವರ್ಗದವರು ಖಾಸಗಿ ಲೇವಾದೇವಿಯವರ ಹತ್ತಿರ ಮಾಡಿದ್ದ ಸಾಲ ಮನ್ನಾ, ಒತ್ತೆ ಇಟ್ಟ ಒಡವೆ ವಾಪಸ್. ಅದೇ ಕಾಲಕ್ಕೆ ಜೀತ ನಿರ್ಮೂಲನದ ಕಾನೂನೂ ಬಂತು. ಹುಣಸೂರಿನವನ ಅಜ್ಜಿ ಇವತ್ತಿಗೂ ಕಿವಿಯ ಓಲೆ ಮುಟ್ಟಿಕೊಂಡು "ಅರಸು ಬುಡಿಸ್ಕೊಟ್ಟುದ್ದು" ಅನ್ನುತ್ತಾರೆ. ಬಿಡಿಸಿಕೊಟ್ಟದ್ದು. ಅಲ್ಲಿಗೆ ನಮಗೆ ಪೋಸ್ಟರಿನ ಪದದ ಮೇಲಿದ್ದ ಅನುಮಾನ ಹೋಯಿತು. ಕನ್ನಡದ ಬಿಡು ಚಟವನ್ನೂ ಬಿಡುತ್ತೆ, ಊರನ್ನೂ ಬಿಡುತ್ತೆ, ಸಾಲವನ್ನೂ ಬಿಡುತ್ತೆ, ಓಲೆಯನ್ನೂ ಬಿಡಿಸುತ್ತೆ. ಇಂಗ್ಲಿಷಿನ ಕ್ವಿಟ್ ಏಳೆಂಟು ಶತಮಾನ ಸುತ್ತಿ ಮಾಡಿದ್ದನ್ನು ನಮ್ಮ ಎರಡಕ್ಷರ ಕೂತಲ್ಲೇ ಮಾಡುತ್ತೆ. ದೀರ್ಘದ ಮೇಲೆ ಕಣ್ಣಿಟ್ಟು 'ಬಿಡಿ' ಅಂತಲೇ ಬರೆದೆವು.

ನಾಲ್ಕು ಮನೆಗಳಲ್ಲಿ ಬೆಳೆ ಬಿಟ್ಟದ್ದು ಒಂದೇ ಮನೆ, ಕೆ.ಆರ್. ನಗರದ್ದು. ಅವರಿಗೆ ಒಂದೂವರೆ ಎಕರೆಗೆ ಕಾವೇರಿ ನಾಲೆ ನೀರು ಹರಿಯುತ್ತೆ, ಭತ್ತವಾಗುತ್ತೆ. ಮೇಲಿನ ಒಣಭೂಮಿಯಲ್ಲಿ ಈಗ ರಾಗಿ, ಅವರೆ. ಹಳೇ ಬ್ಯಾರನ್ನಿನಲ್ಲಿ ಕುರಿ ಕಟ್ಟುತ್ತಾರೆ. ಗೋಡೆಗೆ ಹಿಡಿದ ಸೊಪ್ಪಿನ ವಾಸನೆ ಇನ್ನೂ ಹೋಗಿಲ್ಲ. ಎಚ್.ಡಿ. ಕೋಟೆಯವರು ಎರಡು ವರ್ಷ ಶುಂಠಿ ಹಾಕಿ ನೋಡಿದರು. ಮೊದಲ ವರ್ಷ ರೇಟು ಬಂತು, ಎರಡನೇ ವರ್ಷ ಕೊಳೆರೋಗ ಬಂತು, ಮತ್ತೆ ಹೊಗೆಸೊಪ್ಪಿಗೇ ಬಂದರು. ಉಳಿದಿಬ್ಬರ ಮನೆಯಲ್ಲಿ ಆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಎದ್ದು ದನ ಕಟ್ಟಲು ಹೋಗುತ್ತಾರೆ.

ಎಚ್.ಡಿ. ಕೋಟೆಯವನ ಅಪ್ಪ ಮೂವತ್ತು ವರ್ಷದಿಂದ ಬೀಡಿ ಸೇದುವವರು. ತಾವು ಬೆಳೆದ ಸೊಪ್ಪಿನ ಸಿಗರೇಟು ಅವರ ಕೈಗೆ ದುಬಾರಿ. ಹೋದ ಚಳಿಗಾಲ ಕೆಮ್ಮು ಹೆಚ್ಚಾಗಿ ರಾತ್ರಿಯೆಲ್ಲ ಗೋಡೆಗೆ ಒರಗಿಯೇ ಕೂತಿರುತ್ತಿದ್ದರು. ಪೋಸ್ಟರ್ ಮುಗಿಸಿದ ವಾರ ಇವನು ಪ್ಯಾಕಿನ ಮೇಲಿನ ನಂಬರಿಗೆ ಅಪ್ಪನ ಕೈಯಲ್ಲೇ ಫೋನ್ ಮಾಡಿಸಿದ. ಕನ್ನಡದಲ್ಲೇ ಮಾತಾಡಿದರು. ದಕ್ಷಿಣದ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತೆ. ಯಾವಾಗಿಂದ ಸೇದ್ತೀರಿ, ಎದ್ದ ಎಷ್ಟೊತ್ತಿಗೆ ಮೊದಲನೇದು ಅಂತೆಲ್ಲ ಕೇಳಿ, ಒಂದು ದಿನ ಗೊತ್ತು ಮಾಡಿಕೊಳ್ಳಿ ಯಜಮಾನರೇ, ಆ ದಿನದಿಂದ ಮುಟ್ಟಬಾರದು ಅಂದರಂತೆ. ಇವರು ಕ್ಯಾಲೆಂಡರ್ ನೋಡಿ, ಬೇಯಿಸುವ ಕಾಲದಲ್ಲಿ ರಾತ್ರಿ ಒಲೆ ಮುಂದೆ ನಿದ್ದೆ ತಡೆಯಕ್ಕೆ ಬೀಡಿ ಬೇಕಾಯ್ತದೆ, ಕೊನೇ ಬೇಲು ಹೋದ ಮಾರನೇ ದಿನ ಅಂತ ಬರಕೊಳ್ಳಿ ಅಂದರು.

ಕೊನೇ ಬೇಲು ಫೆಬ್ರುವರಿಯಲ್ಲಿ ಹೋಯಿತು. ಬ್ಯಾಂಕಿನವರು ಮುರಿದುಕೊಂಡು ಉಳಿದದ್ದರಲ್ಲಿ ಸೌದೆಯವನಿಗೆ ಕೊಟ್ಟರು, ಗೊಬ್ಬರದ ಅಂಗಡಿಗೆ ಅರ್ಧ ಕೊಟ್ಟರು. ನಾವು ಇದನ್ನು ಬರೆಯುವ ಹೊತ್ತಿಗೆ ಅವರು ಬೀಡಿ ಮುಟ್ಟದೆ ಹತ್ತೊಂಬತ್ತು ದಿನ. ಬ್ಯಾರನ್ ರಿಪೇರಿ ಸಾಲದ್ದು ಇನ್ನೂ ಎರಡು ಕಂತು ಇದೆ. ಮೊನ್ನೆ ಫೋನಿನಲ್ಲಿ ಮಗನಿಗೆ ಟ್ರೇ ಸಸಿಗೆ ಎಷ್ಟು ಹೇಳಲಿ ಅಂತ ಕೇಳುತ್ತಿದ್ದರು. ಹೋದ ಸಲಕ್ಕಿಂತ ಒಂದು ಅರ್ಧ ಎಕರೆಯಷ್ಟು ಕಮ್ಮಿ ಹೇಳಪ್ಪ ಅಂದ ಇವನು. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಾಲೆಕರೆ ಕಮ್ಮಿ ಮಾಡುವ. ನಿಂದು ಇನ್ನೊಂದು ವರ್ಷದ ಫೀಸು ಅದಲ್ಲ."